ಮೂಸಿ ಹಾಕುವ ಹುಲ್ಲು

ಮಸರಕಲ್‌ನಲ್ಲಿ ನಮ್ಮ ಪಕ್ಕದ ಮನೆಯ ಮುದುಕಿ, ಹಳ್ಳದ ದಂಡೆಯಲ್ಲಿ ಕೊಯ್ದು ಒಟ್ಟಿದ ಹುಲ್ಲನ್ನು ಹಿಡಿಹಿಡಿಯಾಗಿ ಮೂಸಿಯೇ ಎಮ್ಮೆಗೆ ಹಾಕುತ್ತಿದ್ದಳು. ಮುಗ್ಗಿದ ವಾಸನೆ ಬಂದರೆ, "ಇದ್ರಾಗ ನಂಜು ಅದ" ಎಂದು ತಿಪ್ಪೆಗೆ ಎಸೆಯುತ್ತಿದ್ದಳು.

ಒಂದು ಮಳೆಗಾಲ ಜ್ವರದಿಂದ ಎದ್ದವಳು ಎಂದಿನಂತೆ ಮೂಸಿಯೇ ಹಾಕಿದಳು. ಎಮ್ಮೆ ಸತ್ತಿತು, ಕರು ಉಳಿಯಿತು. ದನದ ಡಾಕ್ಟರು ಉಳಿದ ಹುಲ್ಲನ್ನು ತೋರಿಸಿ, "ಬೂಷ್ಟು ಹಿಡದದ ಯವ್ವಾ, ಅದರ ನಂಜೇ ಏರೇದ" ಎಂದರು. ಆಕೆ ಅದನ್ನು ಮುಖಕ್ಕೆ ಒತ್ತಿಕೊಂಡು, "ವಾಸನಿನೇ ಇಲ್ಲಲ್ರೀ ಇದಕ" ಎಂದಳು. ಜ್ವರ ಇಳಿದರೂ ಮೂಗಿಗೆ ವಾಸನೆ ಮರಳಿರಲಿಲ್ಲ ಎಂಬುದು ಆಕೆಗೆ ತಿಳಿದದ್ದು ಆಗಲೇ.

ಆಮೇಲೆ ದಿನಾ ಬೆಳಿಗ್ಗೆ ಒಂದು ಹಿಡಿ ಹುಲ್ಲು ತಂದು ನನ್ನ ಮುಂದೆ ಹಿಡಿಯುತ್ತಿದ್ದಳು. "ಮೂಸಿ ಹೇಳವ್ವಾ." ನಾನು "ಚಲೋ ಅದ" ಎಂದ ಮೇಲೂ, ಕಣ್ಣು ಮುಚ್ಚಿ ತಾನೂ ಒಮ್ಮೆ ಮೂಸಿಯೇ ಕರುವಿಗೆ ಹಾಕುತ್ತಿದ್ದಳು.