ಒಂದೇ ಸಲ ಕೇಳುವ ಮನೆ

ಅಂಬಿಕಾ ಹುಟ್ಟಿದ್ದು ದೇವದುರ್ಗದಲ್ಲಿ. ತಾಯಿ ಗದ್ದೆಮ್ಮನಿಗೆ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಕೆಲಸ ಸಿಕ್ಕ ಮೇಲೆ ಇಡೀ ಸಂಸಾರ ಅಲ್ಲಿಗೆ ಬಂತು. ಒಂದೇ ಕೋಣೆಯ ಮನೆ. ತಂದೆ ತಾಯಿ, ಅಜ್ಜಿ, ತಂಗಿಯರು. ಯಾರು ಯಾರ ಕೌದಿಯೊಳಗೆ ನುಗ್ಗಿದ್ದರು ಎಂಬುದು ಬೆಳಗಾದ ಮೇಲೇ ಗೊತ್ತಾಗುತ್ತಿತ್ತು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಸತ್ಯಭಾಮಾಬಾಯಿ ಮೇಡಂ ಒಂದು ಸಂಸ್ಥೆಗೆ ಅವಳ ಹೆಸರು ಕಳಿಸಿದರು. ಜರ್ಮನಿಯ ಒಂದು ಮನೆಯಲ್ಲಿ ಮಗಳಂತೆ ಇದ್ದು, ಅಲ್ಲಿಯ ಶಾಲೆಯಲ್ಲಿ ಒಂದು ವರ್ಷ ಓದಿ ಬರುವುದು. ಖರ್ಚೆಲ್ಲ ಸಂಸ್ಥೆಯದೇ. ಆರಿಸಿದ್ದು ತನ್ನನ್ನೇ ಎಂದರೆ ಅಂಬಿಕಾ ನಂಬಲಿಲ್ಲ. ಗದ್ದೆಮ್ಮ ನಂಬಿದಳು, ಆಮೇಲೆ ಅತ್ತಳು.

ಹೊರಡುವ ದಿನ ಮಗಳ ತಲೆ ಬಾಚುತ್ತ ಅವಳು ಹೇಳಿದ್ದು ಒಂದೇ ಮಾತು: "ಮಂದಿ ಮನ್ಯಾಗ ಇರಾಕ ಹೊಂಟೀದಿ. ನೀಡಿದ ಕೂಡ್ಲೇ ಹೂಂ ಅಂತ ತಾಟು ಚಾಚಬ್ಯಾಡ. ನಾಚಿಗಿ ಇಲ್ಲದಾಕಿ ಅಂದಾರು."

ಜರ್ಮನಿಯ ಆ ಮನೆಯಲ್ಲಿ ಇಬ್ಬರೇ. ಗಂಡ ಊವೆ ಬಡಗಿ. ಹೆಂಡತಿ ರೆನಾಟೆ ಊರಿನ ಬಸ್ಸು ಓಡಿಸುತ್ತಿದ್ದಳು. ಎತ್ತರದ ಹೆಂಗಸು, ಮಾತು ಕಡಿಮೆ. ಅಂಬಿಕಾಳೊಂದಿಗೆ ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಅವರ ಇಂಗ್ಲಿಷೂ ಅಷ್ಟಕ್ಕಷ್ಟೇ.

ಮೊದಲ ಸಂಜೆ ಕಪ್ಪು ಬ್ರೆಡ್ಡು, ಚೀಸು, ಸೌತೆಕಾಯಿ ಹೋಳು ಇಟ್ಟರು. ಅಂಬಿಕಾ ಒಂದು ತುಂಡು ತಿಂದಳು.

"ಇನ್ನೂ ಬೇಕಾ?" ರೆನಾಟೆ ಕೇಳಿದಳು.

"ಬೇಡ, ಸಾಕು."

ರಾಯಚೂರಿನಲ್ಲಾಗಿದ್ದರೆ ಅಲ್ಲಿಂದಲೇ ಊಟ ಶುರು. "ಏನ್ ಸಾಕು? ನನ್ನಾಣಿ, ಇನ್ನೊಂದು ಹಾಕ್ಕೋ," ಎಂದು ರೊಟ್ಟಿ ತಾಟಿಗೆ ಬಿದ್ದೇ ಬೀಳುತ್ತಿತ್ತು. ಇಲ್ಲಿ ರೆನಾಟೆ ತಲೆಯಾಡಿಸಿದಳು, ಬ್ರೆಡ್ಡನ್ನು ಡಬ್ಬಿಗೆ ಹಾಕಿ ಮುಚ್ಚಿದಳು, ಚೀಸು ಫ್ರಿಜ್ಜಿಗೆ ಹೋಯಿತು. ಅಂಬಿಕಾ ಬಾಯಿ ಬಿಟ್ಟು ನೋಡುತ್ತ ಕುಳಿತಳು.

ಮರುದಿನವೂ ಅದೇ. ಅದರ ಮರುದಿನವೂ. ಇವತ್ತು ಇನ್ನೊಮ್ಮೆ ಕೇಳಿಯಾರು ಎಂದು ಕಾಯುವುದು, ಅವರು ಕೇಳದಿರುವುದು. ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೋಗುವ ಮುಂಚೆ "ಏನು ಬೇಕೋ ತೆಗೆದುಕೋ" ಎನ್ನುತ್ತಿದ್ದರು. ಆದರೆ ಮನೆಯಾಕೆ ಇಲ್ಲದಾಗ ಅವಳ ಅಡುಗೆಮನೆಗೆ ಕೈ ಹಾಕುವುದು ಅಂಬಿಕಾಳ ಪಾಲಿಗೆ ಕಳ್ಳತನವೇ. ಬಚ್ಚಲಿನ ನಲ್ಲಿಗೆ ಬಾಯಿಟ್ಟು ನೀರು ಕುಡಿದು ಶಾಲೆಗೆ ಹೋಗುತ್ತಿದ್ದಳು. ಅಲ್ಲಿ ಪಾಠ ತಲೆಗೆ ಹತ್ತುತ್ತಿರಲಿಲ್ಲ, ಕಣ್ಣು ಕತ್ತಲಿಡುತ್ತಿತ್ತು. ಮನೆಗೆ ಬಂದರೆ ತನಗೊಬ್ಬಳಿಗೇ ಎಂದು ಕೊಟ್ಟ ಕೋಣೆ, ಮುಚ್ಚಿದ ಬಾಗಿಲು, ಹೊರಗೆ ಒಂದು ಸದ್ದಿಲ್ಲ. ತನ್ನನ್ನು ಯಾರಾದರೂ ಮುಟ್ಟಿ ಎಷ್ಟು ಕಾಲವಾಯಿತು ಎಂದು ಯೋಚಿಸಿ, ತನ್ನ ಕೈಯನ್ನು ತಾನೇ ಹಿಡಿದುಕೊಂಡು ಕೂರುತ್ತಿದ್ದಳು.

ತಾಯಿಯ ವಿಡಿಯೊ ಕಾಲು ಬರುತ್ತಿತ್ತು.

"ಉಂಡ್ಯೇನು?"

"ಉಂಡೆ ಯವ್ವಾ. ಹೊಟ್ಟಿ ಬಿರಿಯಂಗ ನೀಡಾಕತ್ತಾರ."

"ಮತ್ಯಾಕ ಮಾರಿ ಬಾಡೇತಿ?"

"ಚಳಿ ಭಾಳ ಅದ ಇಲ್ಲಿ."

ವಾಪಸು ಬರುತ್ತೇನೆ ಎನ್ನುವ ಮಾತು ದಿನಾ ಗಂಟಲಿಗೆ ಬಂದು ನಿಲ್ಲುತ್ತಿತ್ತು. ಇಡೀ ಓಣಿ ಬಂದು ಬೀಳ್ಕೊಟ್ಟ ಹುಡುಗಿ ಯಾವ ಮುಖ ಹೊತ್ತು ಹೋಗಬೇಕು?

ಭಾನುವಾರ ರೆನಾಟೆ ಡ್ಯೂಟಿಗೆ ಹೋದಳು. ಊವೆ ಕೋಟು ಹಾಕಿಕೊಂಡು ಬಂದ. "ನನ್ನ ತಾಯಿಯ ಮನೆಗೆ ಊಟಕ್ಕೆ ಹೋಗುತ್ತಿದ್ದೇನೆ. ಬರುತ್ತೀಯಾ?"

ಹೋಗಬೇಕೆಂದು ಜೀವ ಹಾತೊರೆಯಿತು. "ಪರವಾಗಿಲ್ಲ, ನೀವು ಹೋಗಿ ಬನ್ನಿ," ಎಂದಿತು ನಾಲಿಗೆ.

"ಸರಿ," ಎಂದು ಊವೆ ಹೊರಟೇ ಹೋದ.

ಕಾರಿನ ಸದ್ದು ಕೇಳಿದಾಗ, ಇವರು ಎರಡನೇ ಸಲ ಕೇಳುವವರಲ್ಲ ಎಂದು ಅವಳಿಗೆ ಅರ್ಥವಾಯಿತು. ಓಡಿದಳು. ಗೇಟಿಗೆ ಮುಟ್ಟುವಷ್ಟರಲ್ಲಿ ಕಾರು ತಿರುವಿನಲ್ಲಿ ಮರೆಯಾಗಿತ್ತು. ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಂಡು ಬೀಗ ಬಿತ್ತು. ಕೀಲಿ ಒಳಗೆ, ಫೋನು ಒಳಗೆ, ಸ್ವೆಟರೂ ಒಳಗೆ.

ಗಾಳಿ ಮೈ ಕೊರೆಯುತ್ತಿತ್ತು. ಪಕ್ಕದ ಮನೆಯ ಗಂಟೆ ಒತ್ತಿದಳು. ಮುದುಕನೊಬ್ಬ ಬಾಗಿಲು ತೆಗೆದು ತನ್ನ ಭಾಷೆಯಲ್ಲಿ ಏನೋ ಕೇಳಿದ. ಕಲಿತ ಇಂಗ್ಲಿಷೆಲ್ಲ ಆವಿಯಾಗಿ ಹೋಯಿತು. "ಸಾರಿ" ಎಂದಷ್ಟೇ ಹೇಳಿ ಇಳಿದು ಬಂದಳು. ಅಂಗಡಿಗಳೆಲ್ಲ ಮುಚ್ಚಿದ್ದವು, ಬೀದಿಯಲ್ಲಿ ನರಪಿಳ್ಳೆ ಇಲ್ಲ. ಬಸ್ ಸ್ಟಾಪಿನ ಬೆಂಚಿನ ಮೇಲೆ ಮುದುರಿ ಕುಳಿತು "ಯವ್ವಾ" ಎಂದು ಗಟ್ಟಿಯಾಗಿಯೇ ಅತ್ತಳು. ಕೇಳುವವರು ಯಾರೂ ಇರಲಿಲ್ಲವಲ್ಲ.

ಒಂದು ಬಸ್ಸು ಬಂತು, ಚಾಲಕ ಬೇರೆ ಯಾರೋ. ಇನ್ನೊಂದು ಬಂತು, ಅದೂ ಬೇರೆ. ಬೆರಳುಗಳಿಗೆ ಸ್ಪರ್ಶ ತಿಳಿಯದಾದ ಮೇಲೆ ಬಂದ ಬಸ್ಸಿನ ಬಾಗಿಲು ತೆರೆದಾಗ ಒಳಗೆ ಕಂಡವಳು ರೆನಾಟೆ.

"ಅಂಬಿಕಾ? ಕೋಟು ಎಲ್ಲಿ?"

ಮೆಟ್ಟಿಲ ಮೇಲೆಯೇ ನಿಂತು ಅವಳು ಕನ್ನಡದಲ್ಲೇ ಅಂದುಬಿಟ್ಟಳು: "ಹಸಿವಾಗ್ಯದ್ರೀ. ಭಾಳ ಹಸಿವಾಗ್ಯದ." ಹೊಟ್ಟೆ ಹಿಡಿದುಕೊಂಡಿದ್ದಳು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ರೆನಾಟೆ ತನ್ನ ಕೋಟು ಕೊಟ್ಟಳು, ಚೀಲದಿಂದ ಬುತ್ತಿಯ ಡಬ್ಬಿ ತೆಗೆದು ಕೈಗಿಟ್ಟಳು, ಬಸ್ಸು ಬಿಟ್ಟಳು. ಹಿಂದಿನ ಸೀಟಿನಲ್ಲಿ ಕುಳಿತು ಅಂಬಿಕಾ ಎರಡೂ ಕೈಯಿಂದ ತಿಂದಳು. ಪ್ರಯಾಣಿಕರು ನೋಡುತ್ತಿದ್ದರು. ನಾಚಿಕೆಯಾಗಲು ಅವಳಲ್ಲಿ ತ್ರಾಣವಿರಲಿಲ್ಲ.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ರೆನಾಟೆ ಎದ್ದು ಬಂದಳು. ಮುಖ ಕೆಂಪಾಗಿತ್ತು. "ನೀನು ಬೇಡ ಅಂದೆ. ಪ್ರತಿದಿನ ಬೇಡ ಅಂದೆ. ಯಾಕೆ ಸುಳ್ಳು ಹೇಳಿದೆ?"

"ಸುಳ್ಳಲ್ಲ. ನಮ್ಮಲ್ಲಿ ಮೊದಲು ಬೇಡ ಅನ್ನಬೇಕು. ಅವರು ಮತ್ತೆ ಕೇಳುತ್ತಾರೆ."

"ಇಲ್ಲಿ ಬೇಡ ಅಂದವರನ್ನು ಮತ್ತೆ ಕೇಳಿದರೆ ಅದು ಒತ್ತಾಯ, ಅಗೌರವ." ರೆನಾಟೆ ಪಕ್ಕದಲ್ಲಿ ಕುಳಿತಳು. "ನನ್ನ ಅಡುಗೆ ನಿನಗೆ ಹೇಸಿಗೆ ಅಂದುಕೊಂಡಿದ್ದೆ. ಊವೆಗೂ ಹಾಗೇ ಹೇಳಿದೆ. ನಿನ್ನನ್ನು ಬೇರೆ ಮನೆಗೆ ಕಳಿಸಿ ಎಂದು ಸಂಸ್ಥೆಯವರನ್ನು ಕೇಳೋಣ ಅಂತಿದ್ದೆವು."

ಅಂಬಿಕಾ ಖಾಲಿ ಡಬ್ಬಿಯನ್ನು ಪಕ್ಕಕ್ಕಿಟ್ಟಳು. "ಕಳಿಸುತ್ತೀರಾ?"

"ನೀನು ಹೋಗಬೇಕಾ?"

ಒಂದೇ ಸಲ ಕೇಳುವ ಹೆಂಗಸು ಕೇಳಿದ ಪ್ರಶ್ನೆ. ಅಂಬಿಕಾ ಕಣ್ಣೊರೆಸಿಕೊಂಡು "ಇಲ್ಲ" ಎಂದಳು. ಅದು ಮರ್ಯಾದೆಯ ಮಾತಲ್ಲ, ನಿಜದ ಮಾತು.

ವರ್ಷವಿಡೀ ಅವಳು ಅಲ್ಲೇ ಇದ್ದಳು. ಅಳು ಅಂದೇ ನಿಲ್ಲಲಿಲ್ಲ. ಹಿಮ ಬಿದ್ದ ತಿಂಗಳುಗಳಲ್ಲಿ ಮತ್ತೆ ಮತ್ತೆ ಬಂತು. ಹಾಗೆ ಬಂದ ದಿನಗಳಲ್ಲಿ ಕೋಣೆಯ ಬಾಗಿಲು ಮುಚ್ಚದೆ ಕೆಳಗಿಳಿದು, ರೆನಾಟೆ ಪಾತ್ರೆ ತೊಳೆಯುವಾಗ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ರೆನಾಟೆ ಏನೂ ಕೇಳದೆ ಒಂದಿಷ್ಟು ಸರಿದು ಜಾಗ ಕೊಡುತ್ತಿದ್ದಳು.