ಕೆಂಪಣ್ಣನ ವಯಸ್ಸು

ಮೊನ್ನೆ ಓಟು ಹಾಕಿ ಬರುವಾಗ ಶಾಲೆಯ ಮೆಟ್ಟಿಲಿನಲ್ಲಿ ಕಾಲು ಜಾರಿ ಮಂಡಿ ತರಚಿಕೊಂಡೆ. ಹೇಳಿಕೊಳ್ಳುವಂಥ ಗಾಯವೇನಲ್ಲ, ಆದರೆ ಎಪ್ಪತ್ತು ದಾಟಿದವನು ಬಿದ್ದರೆ ಮನೆಗೆಲ್ಲ ಸುದ್ದಿ. ಸೊಸೆ ಹಳೆಯ ಪದ್ಧತಿಯವಳು. ಮುಲಾಮಿನ ಟ್ಯೂಬು ಕಪಾಟಿನಲ್ಲೇ ಇದ್ದರೂ ಹರಳೆಣ್ಣೆ ಕಾಯಿಸಿ ಅರಿಶಿನ ಕಲಸಿಕೊಂಡು ಬಂದಳು. ಹಚ್ಚುತ್ತ, "ನಿಮ್ಮದೊಂದು ಓಟು ಬೀಳ್ದಿದ್ರೆ ಸರ್ಕಾರ ಬಿದ್ದೋಗ್ತಿತ್ತಾ ಮಾವ?" ಎಂದು ಗದರಿದಳು. ನಾನು ನಕ್ಕೆ. ಬಿಸಿ ಎಣ್ಣೆಯಲ್ಲಿ ಬೆಂದ ಅರಿಶಿನದ ವಾಸನೆ ಮೂಗಿಗೆ ಬಡಿದದ್ದೇ ತಡ, ಆ ನಗು ಅಲ್ಲಿಗೇ ನಿಂತಿತು. ಅದು ನನಗೆ ಪಿಳ್ಳಮ್ಮನ ವಾಸನೆ.

ಪಿಳ್ಳಮ್ಮ ಯಾರೆಂದು ಹೇಳುವ ಮೊದಲು ಆಗ ನಾನು ಯಾರಾಗಿದ್ದೆ ಎಂದು ಹೇಳಬೇಕು. ಸ್ವಾತಂತ್ರ್ಯ ಬಂದ ಮರುವರ್ಷ ಅದು. ನನಗೆ ಇಪ್ಪತ್ತೆರಡು. ಬೂದಿಗೆರೆಯಿಂದ ಎರಡು ಮೈಲಿ ಒಳಗೆ ನಡೆದರೆ ಸಿಗುವ ಒಂದು ಹಳ್ಳಿಯಲ್ಲಿ ಒಬ್ಬನೇ ಮೇಷ್ಟ್ರು. ಊರಿಗೆಲ್ಲ ಬುದ್ಧಿವಂತ ನಾನೇ ಎಂದು ನನಗೆ ಬಲವಾದ ನಂಬಿಕೆ. ಅದಕ್ಕೆ ಆಧಾರವೂ ಇತ್ತು. ಹೈಸ್ಕೂಲಿನ ಚರ್ಚಾಸ್ಪರ್ಧೆಯಲ್ಲಿ, ವಿದ್ಯಾವಂತರಿಗೆ ಮಾತ್ರ ಓಟಿರಬೇಕು, ವಿದ್ಯಾವಂತನೆಂದರೆ ಮೆಟ್ರಿಕ್ ಪಾಸಾದವನು ಎಂದು ಮೇಜು ಕುಟ್ಟಿ ಮಾತಾಡಿ ಒಂದು ಹಿತ್ತಾಳೆ ಮಸಿಕುಡಿಕೆ ಗೆದ್ದಿದ್ದೆ. ಕಣ್ಣಿಲ್ಲದವನ ಕೈಗೆ ಎತ್ತಿನ ಹಗ್ಗ ಕೊಡುತ್ತೀರಾ ಎಂದು ನಾನು ಕೇಳಿದಾಗ ಬಿದ್ದ ಚಪ್ಪಾಳೆ ಬಹಳ ದಿನ ಕಿವಿಯಲ್ಲಿತ್ತು. ಆಮೇಲೆ ಮೆಟ್ರಿಕ್ಕಿನಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದಾಗ, ನನ್ನದೇ ವಾದದ ಪ್ರಕಾರ ಮುಂದಿನ ಪರೀಕ್ಷೆಯವರೆಗೆ ನನಗೂ ಕಣ್ಣಿಲ್ಲವೇ ಎಂಬ ಪ್ರಶ್ನೆ ಬಂದದ್ದುಂಟು. ಬಂದ ದಾರಿಯಲ್ಲೇ ಅದನ್ನು ಕಳಿಸಿಬಿಟ್ಟೆ. ನಮ್ಮವ್ವನಿಗೆ ಅಕ್ಷರವೇ ಬಾರದು ಎಂಬುದಂತೂ ಆ ಚಪ್ಪಾಳೆಯ ಗದ್ದಲದಲ್ಲಿ ನೆನಪಿಗೇ ಬಂದಿರಲಿಲ್ಲ.

ಇಂಥ ನನಗೆ ಒಂದು ದಿನ ತಾಲ್ಲೂಕಿನಿಂದ ಹುಕುಂ ಬಂತು. ಇಪ್ಪತ್ತೊಂದು ತುಂಬಿದ ಎಲ್ಲರ ಹೆಸರನ್ನೂ, ಗಂಡು ಹೆಣ್ಣೆನ್ನದೆ, ಹೊಲ ಇರಲಿ ಇಲ್ಲದಿರಲಿ, ಮನೆಮನೆಗೆ ಹೋಗಿ ವಿಚಾರಿಸಿ ಬರೆಯಬೇಕು, ಶಾನುಭೋಗರಿಗೆ ನೆರವಾಗಬೇಕು. ಶಾನುಭೋಗರು ಆ ಕಾಗದವನ್ನು ಕನ್ನಡಕ ಏರಿಸಿ ಒಮ್ಮೆ, ಇಳಿಸಿ ಒಮ್ಮೆ ಓದಿದರು. "ಎಲ್ಲರದ್ದೂ ಅಂದ್ರೆ ಎಲ್ಲರದ್ದೂನಾ?" ಎಂದರು. ಅಲ್ಲಿಯವರೆಗೆ ಇಷ್ಟಿಷ್ಟು ಕಂದಾಯ ಕಟ್ಟುವವರಿಗೆ ಮಾತ್ರ ಓಟು. ಊರಿಗೆ ಇದ್ದವರೇ ನಾಲ್ಕು ಜನ. "ಒಂದು ಗಾಡಿ ಕಟ್ಟಿದ್ರೆ ಸಾಕಾಗ್ತಿತ್ತು ಮೇಷ್ಟ್ರೇ. ನಾನು, ಪಟೇಲ್ರು, ಇನ್ನಿಬ್ರು. ಬುತ್ತಿ ಕಟ್ಕೊಂಡು ಹೋಗಿ, ಹಾಕಿ, ಬರ್ತಿದ್ವಿ. ಇನ್ಮೇಲೆ ಎಷ್ಟು ಗಾಡಿ ಕಟ್ಟೋಣ?" ಅವರು ಚಿಂತೆ ಮಾಡುತ್ತಿದ್ದುದು ದೇಶದ ಬಗ್ಗೆಯೋ ಗಾಡಿಯ ಬಗ್ಗೆಯೋ ನನಗೆ ತಿಳಿಯಲಿಲ್ಲ. ಒಳಗೊಳಗೇ ನನಗೂ ಅವರ ಮಾತೇ ಸರಿ ಎನಿಸಿತ್ತು, ಕಂದಾಯದ ಜಾಗದಲ್ಲಿ ಮೆಟ್ರಿಕ್ ಇಟ್ಟುಕೊಂಡರೆ.

ಮೊದಲ ದಿನ ಮನೆಮನೆಗೆ ಹೋದೆ. ಯುದ್ಧದ ಕಾಲದಿಂದ ನಮ್ಮ ಕಡೆ ಕಾಗದ ಹಿಡಿದು ಬಾಗಿಲಿಗೆ ಬಂದವನೆಂದರೆ ಸರ್ಕಾರಕ್ಕೆ ರಾಗಿ ಅಳೆಸಿಕೊಂಡು ಹೋಗುವ ಲೆವಿಯವನೋ, ಇಲ್ಲ ರೇಷನ್ನಿನವನೋ. ಲೆವಿ ಎಂದುಕೊಂಡವರು ಮನೆಯಲ್ಲಿ ಯಾರೂ ಇಲ್ಲವೆಂದರು. ರೇಷನ್ ಎಂದುಕೊಂಡವರು ತೀರಿಹೋದ ಅಜ್ಜಿಯನ್ನೂ ಬರೆಸಿದರು. ವಯಸ್ಸು ಕೇಳಿದರೆ ಇನ್ನೂ ಮೋಜು. ಬೆನ್ನು ಬಾಗಿದ ಒಬ್ಬಾತ ತನಗೆ ಮೂವತ್ತು ಎಂದ. ಅವನ ಮಗನೂ ಮೂವತ್ತೇ ಎಂದ. ಸಂಜೆ ತಲೆ ಹಿಡಿದುಕೊಂಡು ಕೂತಿದ್ದಾಗ ಯಾರೋ ಹೇಳಿದರು, "ಪಿಳ್ಳಮ್ಮನ್ ಕೇಳಿ ಸಾಮಿ. ನಮ್ಮನ್ನೆಲ್ಲ ಈಚಿಗೆ ಎಳ್ದೋಳು ಅವ್ಳೇ."

ಪಿಳ್ಳಮ್ಮ ಊರ ಸೂಲಗಿತ್ತಿ. ಅರವತ್ತರ ಆಸುಪಾಸು, ಗಟ್ಟಿ ಮೈ, ಅರಿಶಿನ ಹತ್ತಿ ಹತ್ತಿ ಬಣ್ಣವೇ ತಿರುಗಿಹೋದ ಬೆರಳು. ಹೆಬ್ಬೆಟ್ಟಿನವಳು. ಆದರೆ ಊರಿನ ಅಷ್ಟೂ ಹುಟ್ಟು ಅವಳ ಬಾಯಲ್ಲಿತ್ತು. ಒಬ್ಬ ಪ್ಲೇಗಿಗೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ವರ್ಷ ಹುಟ್ಟಿದವನು, ಇನ್ನೊಬ್ಬಳು ಪಟೇಲರ ಎಮ್ಮೆ ಬಾವಿಗೆ ಬಿದ್ದ ವರ್ಷದವಳು. ಬೆರಳು ಮಡಿಸಿ "ಮೂವತ್ತೊಂದು, ಬರ್ಕೊ" ಎನ್ನುವಳು. ನಾನು ಬರೆಯುತ್ತಿದ್ದೆ. ನಾಲ್ಕು ದಿನ ಅವಳ ಜಗಲಿ ಬಿಟ್ಟು ಏಳದೆ, ಅವಳು ಕೊಟ್ಟ ಹುರಿಗಡಲೆ ತಿನ್ನುತ್ತ ಇಡೀ ಊರನ್ನು ಬರೆದು ಮುಗಿಸಿದೆ. ಕೊನೆಗೆ "ಮನೆಮನೆಗೆ ಹೋಗಿ ಖುದ್ದು ವಿಚಾರಿಸಿ ಬರೆದದ್ದು" ಎಂದು ಸೇರಿಸಿ ಚೆಂದವಾಗಿ ರುಜು ಹಾಕಿದೆ. ಎಲ್ಲರಿಗಿಂತ ಹೆಚ್ಚು ಬಲ್ಲವಳಿಗೆ ಅಕ್ಷರ ಬರದು, ಮಸಿಕುಡಿಕೆ ಗೆದ್ದವನಿಗೆ ಅವಳಿಲ್ಲದೆ ದಾರಿಯಿಲ್ಲ. ನನ್ನ ವಾದ ಅಲ್ಲೇ ಸ್ವಲ್ಪ ಅಲುಗಾಡಿತ್ತು. ಎಲ್ಲರಿಗೂ ಓಟು ಎನ್ನುವುದೇ ಸರಿಯಿರಬೇಕು ಎಂದುಕೊಂಡು ಒಂದೆರಡು ದಿನ ಬಹಳ ಉದಾರವಾಗಿ ಓಡಾಡಿದೆ. ಉದಾರವಾಗಿರುವುದು ಎಷ್ಟು ಹಿತವೆಂದು ನಿಮಗೆ ಗೊತ್ತಲ್ಲ.

ಆಮೇಲೆ ತಮಟೆ ಸಾರಿಸಿ, ಚಾವಡಿಯಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದಿದೆ. ಬಿಟ್ಟುಹೋದವರು ಹೇಳಲಿ ಎಂದು ಹಾಗೆ ಓದುವ ರೂಢಿ. ಹೆಸರು ಬಂದಾಗ ಕೆಲವರು ಕೈಮುಗಿದರು. ಹೆಂಗಸರು ಮುಸಿಮುಸಿ ನಕ್ಕರು. ಕಂಬಕ್ಕೊರಗಿ ಕೆಂಪಣ್ಣ ನಿಂತಿದ್ದ. ಪಟೇಲರ ಮನೆಯಲ್ಲಿ ಆಳಾಗಿದ್ದವನು. ಆವತ್ತು ತಲೆಗೆ ಎಣ್ಣೆ ಹಚ್ಚಿ, ಒಗೆದ ಅಂಗಿ ತೊಟ್ಟು ಬಂದಿದ್ದ. ಓದಿ ಮುಗಿಸಿ ಪಟ್ಟಿ ಮಡಿಸಿದಾಗ ಮುಂದೆ ಬಂದು, "ಮೇಷ್ಟ್ರೇ, ನಂದು ಬಿಟ್ಟೋಯ್ತು" ಎಂದ.

"ನಿಂಗೆ ಇಪ್ಪತ್ತೇ ಕಣಪ್ಪ. ಇನ್ನೊಂದು ವರ್ಷ ಬೇಕು."

"ಮೀಸೆ ಬಂದವೆ, ವಯಸ್ಸು ಬಂದಿಲ್ಲ!" ಎಂದು ಯಾರೋ ಕೂಗಿದರು. ಚಾವಡಿಯೆಲ್ಲ ನಕ್ಕಿತು. ಕೆಂಪಣ್ಣ ನಗಲಿಲ್ಲ. "ಹದಿನೈದು ವರ್ಷದಿಂದ ಪಟೇಲ್ರ ಮನೇಲಿ ಜೀತ ಮಾಡ್ತಾವ್ನಿ. ಅಂಗಾರೆ ಐದು ವರ್ಷದ ಕೂಸು ನೇಗ್ಲು ಹೊತ್ನಾ?" ಎಂದ. ನಾನು ಮಡಿಸಿದ ಪಟ್ಟಿಯನ್ನು ಕಂಕುಳಿಗೆ ಸೇರಿಸಿಕೊಂಡು ಶಾಲೆಯ ಕಡೆ ನಡೆದೆ.

ಮಾರನೆಯ ದಿನ ಶಾಲೆ ಬಿಡುವ ಹೊತ್ತಿಗೆ ಅವನ ತಾಯಿ ಅಕ್ಕಯಮ್ಮ ಬಂದಳು. ಹಣೆಯ ಮೇಲೆ ಇನ್ನೂ ಹಸಿಯಾಗಿದ್ದ ಒಂದು ಗಾಯ. ಮಗ ಕುಡಿದಾಗ ಅವಳನ್ನು ಹೊಡೆಯುತ್ತಾನೆಂಬುದು ಊರಿಗೇ ಗೊತ್ತಿದ್ದ ವಿಷಯ. ಸೆರಗನ್ನು ಹಣೆಯ ಮೇಲಕ್ಕೆಳೆದುಕೊಂಡು ಹೇಳಿದಳು. "ಕೆರೆ ಏರಿ ಒಡ್ದೋದ್ ವರ್ಷ ಸಾಮಿ ಅವ್ನು ಹುಟ್ಟಿದ್ದು. ಮೊಣಕಾಲುದ್ದ ನೀರ್ನಲ್ಲಿ ಪಿಳ್ಳಕ್ಕ ಬಂದ್ಳು. ಅವ್ನ ಹೆಸ್ರು ಬರ್ಕೊಳ್ಳಿ."

ನನಗೆ ರೇಗಿತು. "ನಿನ್ನನ್ನ ಈ ಗತಿ ಮಾಡಿರೋನಿಗೆ ಓಟು ಕೊಡ್ಸೋಕೆ ನೀನೇ ಬಂದಿದ್ದೀಯಲ್ಲಮ್ಮ?"

"ಒಡೀತಾನೆ, ಹೌದು. ಅದಕ್ಕೆ ಅವ್ನು ಹುಟ್ಟೇ ಇಲ್ಲ ಅನ್ನಕಾಯ್ತದಾ?"

ವಿಚಾರಿಸುತ್ತೇನೆ ಎಂದು ಅವಳನ್ನು ಕಳಿಸಿ ಶಾಲೆಗೆ ಬೀಗ ಹಾಕಿದೆ.

ಕೆರೆ ಏರಿ ಒಡೆದ ವರ್ಷ ಎಂದೊಡನೆ ನನಗೊಂದು ನೆನಪಾಗಿತ್ತು. ಪಟೇಲರ ಮಗ ಮುನಿರಾಜುವಿಗೂ ಪಿಳ್ಳಮ್ಮ ಅದೇ ವರ್ಷ ಹೇಳಿ ಇಪ್ಪತ್ನಾಲ್ಕು ಎಂದು ಬರೆಸಿದ್ದಳು. ನೇರ ಅವಳ ಮನೆಗೆ ಹೋದೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಕೆಂಪಣ್ಣ ಹುಟ್ಟಿದ್ದು ಯಾವಾಗ ಎಂದು ಕೇಳಿದೆ. ತಲೆ ಎತ್ತದೆ, "ಮುನಿರಾಜು ಹುಟ್ಟಿದ್ ವಾರಾನೇ" ಎಂದಳು.

"ಮತ್ತೆ ಇಪ್ಪತ್ತು ಅಂತ ಬರ್ಸಿದ್ಯಲ್ಲಮ್ಮ!"

"ಹೂಂ, ಬರ್ಸ್ದೆ. ಹೆತ್ತವ್ವನ್ ಮ್ಯಾಲೆ ಕೈ ಎತ್ತೋನ್ಗೆ ಇನ್ನೂ ಬುದ್ಧಿ ಬಂದಿಲ್ಲ ಅಂತ್ಲೇ ಲೆಕ್ಕ. ಬಂದ್ ದಿನ ನಾನೇ ಹೇಳ್ತೀನಿ, ಇಪ್ಪತ್ತೊಂದು ಅಂತ ಬರ್ಕೊ."

"ಕಾನೂನು ಹಂಗೆ ಹೇಳಲ್ಲ."

"ಕಾನೂನು ಬಂದು ಅವ್ಳ ತಲೆಗೆ ಅರಿಶಿನ ಹಾಕ್ತದಾ? ನಾನು ಹಾಕ್ತೀನಿ." ಸುಲಿದ ಕಾಳನ್ನು ಮೊರಕ್ಕೆ ಸುರಿದು, ನಾನು ಕೇಳದಿದ್ದ ಇನ್ನೊಂದನ್ನೂ ಹೇಳಿದಳು. "ತಿಮ್ಮಕ್ಕನ್ ಸೊಸೆಗೆ ಹತ್ತೊಂಬತ್ತೇ. ಗಂಡ ಹಾಸ್ಗೆ ಹಿಡ್ದವ್ನೆ, ಎಲ್ಡು ಮಕ್ಳು, ಹೊಲ ಮನೆ ಎಲ್ಲಾ ಒಬ್ಳೇ ತೂಗುಸ್ತಾವ್ಳೆ. ಅವ್ಳಿಗೆ ಇಪ್ಪತ್ತೊಂದು ಅಂದೆ. ಇದ್ರಾಗೆ ನಿಂಗೇನಪ್ಪಾ ಕಷ್ಟ?"

ಕಷ್ಟವೇನೆಂದು ಹೇಗೆ ಹೇಳಲಿ? ನಾನು ಅಳತೆಗೆ ಮೆಟ್ರಿಕ್ ಇಟ್ಟುಕೊಂಡಿದ್ದೆ, ಶಾನುಭೋಗರು ಕಂದಾಯ, ಈ ಮುದುಕಿ ನಡತೆ. ಅಕ್ಷರ ಬಾರದವಳೂ ನನ್ನ ಹಾಗೆಯೇ ಜನರನ್ನು ಆರಿಸುತ್ತ ಕೂತಿದ್ದಳು. ಮೂರರಲ್ಲಿ ಅವಳ ಅಳತೆಯೇ ವಾಸಿ ಎಂದು ನನ್ನ ಮನಸ್ಸು ಹೇಳುತ್ತಿತ್ತು. ನಿಜವಾಗಿ ಭಯವಾದದ್ದು ಅದಕ್ಕೇ. ಆ ಹಣೆಯ ಗಾಯ ನೋಡಿದವರು ಯಾರು ತಾನೇ ಕೆಂಪಣ್ಣನ ಪರ ನಿಂತಾರು? ನಿಲ್ಲಬೇಕೆಂದು ಗಾಯವಾದವಳೇ ಬಂದು ಹೇಳಿದ್ದಳಲ್ಲ. ಮೂರು ದಿನ ಪಾಠ ಮಾಡಲಾಗಲಿಲ್ಲ. ಹುಡುಗರಿಗೆ ಮಗ್ಗಿ ಒಪ್ಪಿಸಲು ಹೇಳಿ ಸೂರು ನೋಡುತ್ತ ಕೂತೆ.

ಅಷ್ಟರಲ್ಲಿ ತಾಲ್ಲೂಕಿಗೆ ಹೋಗಿದ್ದ ಪಟ್ಟಿಗೆ ಆಕ್ಷೇಪಣೆ ಕೊಡಲು ಕೊನೆಯ ದಿನ, ಅಕ್ಕಯಮ್ಮನ ಹೆಬ್ಬೆಟ್ಟು ಒತ್ತಿಸಿದ ಅರ್ಜಿ ಹಿಡಿದು ದೇವನಹಳ್ಳಿಯ ತಾಲ್ಲೂಕು ಕಚೇರಿಗೆ ಹೊರಟೆ. ಕೆಂಪಣ್ಣನೂ ಜೊತೆಗೆ ಬಂದ. ಬೇಡವೆಂದರೂ ನನ್ನ ಕೊಡೆಯನ್ನು ತಾನೇ ಹಿಡಿದುಕೊಂಡ. ದಾರಿಯುದ್ದಕ್ಕೂ ಒಂದೊಂದೇ ಕೇಳುತ್ತಿದ್ದ. "ನನ್ನೆಸ್ರು ಅಚ್ಚಾಯ್ತದಾ ಸಾಮಿ?" ಆಗುತ್ತದೆಂದೆ. "ಪಟೇಲ್ರ ಹೆಸ್ರೂ ಅದ್ರಲ್ಲೇ ಇರ್ತದಾ?" ಅದರಲ್ಲೇ ಎಂದೆ. "ಅವ್ರುದು ದಪ್ಪಕ್ಷರ್ದಾಗೆ ಇರ್ತದೇನೋ?" ಇಲ್ಲ, ಎಲ್ಲ ಒಂದೇ ಅಕ್ಷರ, ಮನೆ ನಂಬರಿನ ಪ್ರಕಾರ ಎಂದೆ. ಕೊಡೆಯನ್ನು ಹೆಗಲಿಗೇರಿಸಿ, ಇದ್ದಕ್ಕಿದ್ದಂತೆ ಜೋರಾಗಿ ನಕ್ಕ. ಅವನು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹೆತ್ತವ್ವನನ್ನು ಹೊಡೆಯುವ ಮನುಷ್ಯ ಹೀಗೆ ಮಗುವಿನಂತೆ ನಗಬಹುದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು.

ಕಚೇರಿಯ ಜಗಲಿಯಲ್ಲಿ ಅವನನ್ನು ನಿಲ್ಲಿಸಿ ಒಳಗೆ ಹೋದೆ. ಗುಮಾಸ್ತರು ಅರ್ಜಿ ಓದಿ, ನನ್ನ ಪಟ್ಟಿ ತೆಗೆದು ಕೊನೆಯ ಹಾಳೆಗೆ ಬಂದರು. "ವಯಸ್ಸು ತುಂಬಿಲ್ಲ ಅಂತ ಬಿಟ್ಟೋರೂ ನೀವೇ, ತುಂಬಿದೆ ಅಂತ ಅರ್ಜಿ ತಂದೋರೂ ನೀವೇ. ಮನೆಮನೆಗೆ ಹೋಗಿ ವಿಚಾರಿಸಿದೀನಿ ಅಂತ ರುಜು ಹಾಕಿದೀರಿ. ಇದೊಂದು ತಪ್ಪಾದ್ರೆ ಉಳಿದದ್ದನ್ನ ನಾವು ಹೇಗೆ ನಂಬೋದು? ಸರಿಯಾಗಿ ಹೇಳಿ ಮೇಷ್ಟ್ರೇ, ಈತನ ವಯಸ್ಸೆಷ್ಟು?"

ಪಿಳ್ಳಮ್ಮನ ಜಗಲಿ, ಹುರಿಗಡಲೆ, ನನ್ನ ಚೆಂದದ ರುಜು, ಅಕ್ಕಯಮ್ಮನ ಹಣೆ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ನೌಕರಿ ಸೇರಿ ಆಗಿನ್ನೂ ವರ್ಷ ತುಂಬಿರಲಿಲ್ಲ.

"ಸರಿಯಾಗಿ ಗೊತ್ತಿಲ್ಲ ಸಾರ್" ಎಂದೆ.

ಅವರು ಅರ್ಜಿಯನ್ನು ಪಕ್ಕಕ್ಕಿಟ್ಟರು. ಕಿಟಕಿ ತೆರೆದೇ ಇತ್ತು. ಕೆಂಪಣ್ಣನಿಗೆ ಎಲ್ಲ ಕೇಳಿಸಿತ್ತು. ವಾಪಸ್ಸು ಬರುವಾಗಲೂ ಅವನೇ ಊರ ಬಾಗಿಲಿನವರೆಗೂ ಕೊಡೆ ಹೊತ್ತು ತಂದು ನನ್ನ ಕೈಗಿತ್ತು, "ಹೋಗ್ಬನ್ನಿ ಸಾಮಿ" ಎಂದಷ್ಟೇ ಹೇಳಿದ.

ಆವತ್ತು ಸಂಜೆ ಅವನು ಕುಡಿದು ಬಂದು ತಾಯಿಯನ್ನು ಹಿಂದೆಂದೂ ಹೊಡೆಯದ ಹಾಗೆ ಹೊಡೆದ. ಬೆಳಿಗ್ಗೆ ನಾನು ಹೋದಾಗ ಪಿಳ್ಳಮ್ಮ ಅವಳ ತಲೆಗೆ ಹರಳೆಣ್ಣೆ ಅರಿಶಿನ ಒತ್ತುತ್ತಿದ್ದಳು. ಗುಡಿಸಲಿನ ತುಂಬ ಅದೇ ವಾಸನೆ. "ನೋಡ್ದಾ? ನಾನ್ ಹೇಳ್ಲಿಲ್ವಾ?" ಎಂದಳು ಪಿಳ್ಳಮ್ಮ. ಅಕ್ಕಯಮ್ಮ ನನ್ನ ಮುಖ ನೋಡಿದಳು. ಇಂಥವನಿಗೆ ಓಟು ಸಲ್ಲದು ಎಂಬುದಕ್ಕೆ ಆ ಪೆಟ್ಟು ಸಾಕ್ಷಿಯೋ, ನಾವೆಲ್ಲ ಸೇರಿ ಅವನಿಗೆ ಮಾಡಿದ್ದರ ಫಲವೋ? ಅಲ್ಲಿ ನಿಂತೇ ಎರಡೂ ನಿಜವೆನಿಸಿತು. ಎರಡೂ ಸುಳ್ಳೆಂದೂ ಅನಿಸಿತು. ಬೇಸಿಗೆಗೆ ನನಗೆ ನೆಲಮಂಗಲದ ಕಡೆಗೆ ವರ್ಗವಾಯಿತು. ಚುನಾವಣೆ ಬರುವ ಮೊದಲು ಪಟ್ಟಿಗಳನ್ನು ಮತ್ತೆ ತಿದ್ದಿದರೆಂದು ಕೇಳಿದೆ. ಕೆಂಪಣ್ಣನ ಹೆಸರು ಸೇರಿತೋ ಇಲ್ಲವೋ ನಾನು ವಿಚಾರಿಸಲಿಲ್ಲ. ವಿಚಾರಿಸುವ ಧೈರ್ಯವಾಗಲಿಲ್ಲ ಎಂದೇ ಬರೆಯುತ್ತೇನೆ.

ಆಮೇಲೆ ಮೂವತ್ತೈದು ವರ್ಷ ಪಾಠ ಮಾಡಿದೆ. ಎಲ್ಲರಿಗೂ ಓಟು ಎಂಬುದು ನಮ್ಮ ದೇಶದ ಹೆಮ್ಮೆ ಎಂದು ಮಕ್ಕಳಿಗೆ ಹೇಳಿಕೊಟ್ಟೆ. ಆದರೂ ಸಾಲಿನಲ್ಲಿ ನಿಂತಾಗಲೆಲ್ಲ ಮುಂದಿನವನನ್ನು ಅಳೆಯುವ ಚಾಳಿ ಹೋಗಿಲ್ಲ. ಮೊನ್ನೆಯೂ ಅಷ್ಟೇ. ಬೆಳಿಗ್ಗೆಯೇ ಹೆಂಡದ ವಾಸನೆ ಹೊಡೆಯುತ್ತಿದ್ದ ಒಬ್ಬ ನನ್ನ ಮುಂದೆ ನಿಂತು ಹೆಂಡತಿಯನ್ನು ಬೈಯುತ್ತಿದ್ದ. ಇವನಿಗೂ ಒಂದು, ನನಗೂ ಒಂದೇ ಎಂಬ ಲೆಕ್ಕ ತಾನಾಗಿಯೇ ಮನಸ್ಸಿನಲ್ಲಿ ಓಡಿತು. ಆ ಲೆಕ್ಕ ಹಾಕುತ್ತಲೇ ಇಳಿಯುತ್ತಿದ್ದಾಗ ಮೆಟ್ಟಿಲು ತಪ್ಪಿತು.

ಸೊಸೆ ಎಣ್ಣೆಯ ಬಟ್ಟಲನ್ನು ಒಳಗಿಟ್ಟು ಬರುವವರೆಗೆ ನಾನು ಜಗಲಿಯಲ್ಲೇ ಕೂತಿದ್ದೆ. ಐವತ್ತು ವರ್ಷ ಈ ಕಥೆಯನ್ನು ನಾನು ಯಾರಿಗೂ ಹೇಳಿರಲಿಲ್ಲ; ಅವಳನ್ನು ಕರೆದು ಕೂರಿಸಿಕೊಂಡು ಪೂರ್ತಿ ಹೇಳಿದೆ. ಕೇಳಿ ಅವಳು, "ಹಾಗಾದ್ರೆ ಅಂಥೋನಿಗೆ ಓಟು ಕೊಡ್ಬೇಕಿತ್ತು ಅಂತೀರಾ, ಬೇಡ ಅಂತೀರಾ ಮಾವ?" ಎಂದಳು. ನನಗೆ ಇವತ್ತಿಗೂ ಅದು ಪೂರ್ತಿ ಬಗೆಹರಿದಿಲ್ಲ, ಅವಳಿಗೂ ಹಾಗೆಯೇ ಹೇಳಿದೆ. ಆದರೆ ಆವತ್ತು ಕಚೇರಿಯಲ್ಲಿ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ವಯಸ್ಸೆಷ್ಟು ಎಂದಷ್ಟೇ ಕೇಳಿದ್ದರು. ನನಗೆ ಗೊತ್ತಿತ್ತು. ಕೆಂಪಣ್ಣನಿಗೆ ಆಗ ಇಪ್ಪತ್ನಾಲ್ಕು.