ಕೆನ್ನೆಯೊಳಗಿನ ಹನಿ

ನಮ್ಮ ಮನೆಯಲ್ಲಿ ಅವಳಿಗೆ ಹತ್ತಿಕಡ್ಡಿ ಅಂತ ಹೆಸರಿಟ್ಟವಳು ನಾನೇ. ನನ್ನ ಗಂಡನ ಅಣ್ಣನ ಹೆಂಡತಿ, ಅಂದರೆ ನನಗೆ ವಾರಗಿತ್ತಿ. ಎದುರಿಗೆ ಬಾಯಿತುಂಬ ಅಕ್ಕ ಅನ್ನುತ್ತೇನೆ, ಬೆನ್ನ ಹಿಂದೆ ಹತ್ತಿಕಡ್ಡಿ ಅನ್ನುತ್ತೇನೆ, ಎರಡೂ ಅವಳಿಗೆ ಗೊತ್ತು. ಆಸ್ಪತ್ರೆಯಲ್ಲಿ ಅವಳ ಕೆಲಸವೇ ಅದು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳ ಕೆನ್ನೆಯ ಒಳಭಾಗಕ್ಕೆ ಹತ್ತಿ ಸುತ್ತಿದ ಕಡ್ಡಿಯನ್ನು ಮೆಲ್ಲಗೆ ತೀಡಿ, ಸಣ್ಣ ಕೊಳವೆಯಲ್ಲಿಟ್ಟು, ಮುಚ್ಚಿ, ಮೇಲಿನ ಮಹಡಿಯ ಲ್ಯಾಬಿಗೆ ಮುಟ್ಟಿಸುವುದು. ಆಮೇಲೆ ತಾಯಿಯದು, ಆಮೇಲೆ ತಂದೆಯದು. ಮನೆಯಲ್ಲಿ ಕಡ್ಡಿ ಆಡಿಸುವುದು ನಾನು, ಆಸ್ಪತ್ರೆಯಲ್ಲಿ ಅವಳು ಎಂದು ಮೈದುನ ನಗುತ್ತಾನೆ.

ಮೇಲಿನ ಮಹಡಿಯಲ್ಲಿ ಹುಡುಕುತ್ತಿರುವುದು ಏನು ಎಂಬುದನ್ನು ಅವಳು ನನಗೆ ಎಷ್ಟೋ ಸಲ ಹೇಳಿದ್ದಾಳೆ. ಬೇಗ ಹುಟ್ಟಿದ ಕೆಲವು ಮಕ್ಕಳ ಶ್ವಾಸಕೋಶ ತಿಂಗಳುಗಟ್ಟಲೆ ಸುಧಾರಿಸುವುದಿಲ್ಲ, ಮೂಗಿನ ಆಕ್ಸಿಜನ್ ನಳಿಕೆ ತೆಗೆದರೆ ಮಗು ನೀಲಿಯಾಗುತ್ತದೆ. ಅಷ್ಟೇ ಬೇಗ ಹುಟ್ಟಿದ, ಅಷ್ಟೇ ತೂಕದ ಪಕ್ಕದ ಮಗು ಆರಾಮಾಗಿ ಮನೆಗೆ ಹೋಗುತ್ತದೆ. ಇದು ಹೆತ್ತವರಿಂದ ಬಂದ ಯಾವುದಾದರೂ ಗುಣದಿಂದ ಆಗುತ್ತಿದೆಯೇ, ಆಗಿದ್ದರೆ ಅದು ಯಾವುದು? ನನಗೆ ಪ್ರಶ್ನೆ ಅರ್ಥವಾಯಿತು. ಉತ್ತರ ಕೇಳಿದಾಗಲೆಲ್ಲ ಅವಳು ತಲೆ ಕೆರೆದುಕೊಳ್ಳುತ್ತಿದ್ದಳು.

"ಅಲ್ಲಿ ಯಾರೂ ಹೌದು ಅನ್ನಲ್ಲ ಕಣೆ, ಇಲ್ಲಾನೂ ಅನ್ನಲ್ಲ. ಇರಬಹುದು ಅಂತಾರೆ. ಇರಬಹುದು ಅಂತ ಹಿಡ್ಕೊಂಡು ನಾನು ಆ ತಾಯಂದಿರ ಮುಂದೆ ಹೋಗಿ ಹೇಗೆ ನಿಲ್ಲಲಿ?"

ನಾನು ಬಟ್ಟೆ ಹೊಲಿಯುವವಳು. ರವಿಕೆ ಮೈಗೆ ಕೂತರೆ ಕೂತಿತು, ಇಲ್ಲದಿದ್ದರೆ ಗಿರಾಕಿ ಮುಖದ ಮೇಲೆ ಎಸೆದು ಹೋಗುತ್ತಾಳೆ. ಈ 'ಬಹುದು' ಎಂಬ ವ್ಯಾಪಾರ ನನಗೆ ಆಗುವುದಿಲ್ಲ. ಹಾಗಂತ ಅವಳಿಗೆ ಮುಖಕ್ಕೇ ಹೇಳಿದ್ದೇನೆ.

ಮೊದಲು ಅವಳು ದೊಡ್ಡವರ ರಕ್ತ ತೆಗೆಯುತ್ತಿದ್ದಳು. ಸೂಜಿ ಕಂಡು ಕುರ್ಚಿಯಿಂದ ಜಾರಿದ ಮೀಸೆಯವರ ಕತೆ ತಂದು ನಮ್ಮನ್ನೆಲ್ಲ ನಗಿಸುತ್ತಿದ್ದಳು. ಈ ಕೆಲಸಕ್ಕೆ ಬಂದ ಮೇಲೆ ಕತೆ ನಿಂತು, ಜನರನ್ನು ಎವೆಯಿಕ್ಕದೆ ನೋಡುವ ಚಟ ಶುರುವಾಯಿತು. ಊಟಕ್ಕೆ ಕೂತರೆ ಒಬ್ಬೊಬ್ಬರ ಕಿವಿ, ಮೂಗು, ಗಲ್ಲ ಅಳೆಯುತ್ತಿದ್ದಳು. ಇದು ಮಾವನದು, ಇದು ಅತ್ತೆಯದು, ಇದು ಯಾರದೂ ಅಲ್ಲ.

"ನಿನ್ನ ಸಿಟ್ಟು ಯಾರ ಕಡೆಯಿಂದ ಬಂದಿದ್ದು?" ಅಂತ ಒಂದು ದಿನ ನನ್ನನ್ನೇ ಕೇಳಿದಳು.

"ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಬಂದಿದ್ದಕ್ಕ" ಅಂದೆ. ಅತ್ತೆ ನೀರಿನ ಲೋಟ ಕುಕ್ಕಿದರು. ಅವಳು ಮಾತ್ರ ನಗಲಿಲ್ಲ, ನಿಜವಾಗಿಯೂ ಅದನ್ನೇ ಯೋಚಿಸುತ್ತ ಕೂತಳು.

ಅವಳ ತಲೆ ಪೂರ್ತಿ ಕೆಟ್ಟದ್ದು ಚಪ್ಪಲಿ ಅಂಗಡಿಯ ಹುಡುಗಿಯಿಂದ. ಆ ಹುಡುಗಿ ಅಲ್ಲಿ ಚಪ್ಪಲಿ ಮಾರುವ ಕೆಲಸದವಳು, ಚೊಚ್ಚಲ ಹೆರಿಗೆ. ಹೆಣ್ಣುಮಗು ಬಹಳ ಬೇಗ ಹುಟ್ಟಿತ್ತು. ಕಿಟಕಿಯ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಅದರ ಮೂಗಿನಲ್ಲಿ ಉಸಿರಿಗೆ ಒಂದು ನಳಿಕೆ, ಹಾಲಿಗೆ ಇನ್ನೊಂದು. ತಾಯಿ ಹಾಲು ಹಿಂಡಿ ಕೊಡುವಳು, ವಾರ್ಡಿನ ಸಿಸ್ಟರ್ ಅದನ್ನು ನಳಿಕೆಯಿಂದ ನೇರ ಹೊಟ್ಟೆಗೆ ಬಿಡುವರು. ಉಳಿದ ಹೊತ್ತೆಲ್ಲ ಅವಳು ಪೆಟ್ಟಿಗೆಯ ತೂತಿನೊಳಗೆ ಕೈ ತೂರಿಸಿ ಮಗುವಿನ ಪಾದ ಹಿಡಿದು ಕೂತಿರುತ್ತಿದ್ದಳು. ನೋಡಲು ಬಂದ ಅವಳ ಅತ್ತೆ, ನಮ್ಮ ಕಡೆ ಯಾರಿಗೂ ಉಬ್ಬಸ ಗಿಬ್ಬಸ ಇಲ್ಲಪ್ಪ ಎಂದು ಕಾರಿಡಾರಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿ ಹೋಗಿದ್ದರು. ಅಲ್ಲಿಂದ ಆ ಹುಡುಗಿಗೆ ಒಂದೇ ಮಾತು.

"ಅಕ್ಕಾ, ಇದು ನನ್ನಿಂದ ಬಂತಾ?"

"ಗೊತ್ತಿಲ್ಲಮ್ಮ" ಎಂದು ಇವಳು ಹೇಳಿದರೆ ಅವಳು ಅಳುತ್ತಿದ್ದಳು. ದಿನಾ ಇದೇ. ಕೊನೆಗೆ ತಡೆಯಲಾರದೆ ಇವಳು ಮೇಲಿನ ಮಹಡಿಯ ಚಿಕ್ಕ ಡಾಕ್ಟರನ್ನು ಕೇಳಿದಳು. ಒಳ್ಳೆಯ ಮನುಷ್ಯ, ಇವಳ ಮುಖ ನೋಡಿ ಬಾಯಿಬಿಟ್ಟರು. ಮೊದಲ ನೋಟಕ್ಕೆ ವಂಶವಾಹಿಯಲ್ಲಿ ಒಂದು ವ್ಯತ್ಯಾಸ ತಾಯಿಯಲ್ಲೂ ಮಗುವಿನಲ್ಲೂ ಕಾಣುತ್ತಿದೆ, ಅದರಿಂದಲೇ ಈ ಕಾಯಿಲೆ ಎಂದು ಯಾರೂ ಹೇಳಲಾರರು, ದಯವಿಟ್ಟು ತಾಯಿಗೆ ತಿಳಿಸಬೇಡಿ ಎಂದರು.

ತಿಳಿಸಬಾರದು ಎಂಬುದು ಇವಳ ಬಾಯಿಗೆ ಗೊತ್ತಾಯಿತು, ಮುಖಕ್ಕೆ ಗೊತ್ತಾಗಲಿಲ್ಲ. ಮಾರನೆಯ ದಿನ ಹುಡುಗಿ ಅದೇ ಪ್ರಶ್ನೆ ಕೇಳಿದಾಗ ಇವಳು ಸುಮ್ಮನೆ ನಿಂತಳಂತೆ. ಹುಡುಗಿ ಸೆರಗು ಹಿಡಿದಳಂತೆ. ಆಗ ಇವಳು, "ಏನೋ ಒಂದು ಇಬ್ಬರಲ್ಲೂ ಇದೆಯಂತೆ. ಅದರಿಂದಲೇ ಹೀಗಾಯ್ತು ಅಂತ ಅಲ್ಲ" ಎಂದುಬಿಟ್ಟಳು. ಎರಡನೆಯ ಮಾತು ಆ ಹುಡುಗಿಯ ಕಿವಿಗೆ ಬೀಳಲೇ ಇಲ್ಲ.

ಅಲ್ಲಿಂದ ಹಾಲಿನ ಬಾಟಲಿ ಬರುವುದು ನಿಂತಿತು. ಬತ್ತಿಹೋಯಿತು ಅಂದಳು. ಹಾಲು ತೆಗೆಯುವ ಕೋಣೆಗೆ ಸಿಸ್ಟರ್ ಏನೋ ತರಲು ಹೋದಾಗ ಹುಡುಗಿ ಹಿಂಡಿದ ಹಾಲನ್ನು ಸಿಂಕಿಗೆ ಸುರಿಯುತ್ತಿದ್ದಳು.

"ನನ್ನಲ್ಲಿರೋ ಕೆಟ್ಟದ್ದು ಅವಳಿಗೆ ಆಗಲೇ ಹೋಗಿದೆ. ಇನ್ನೂ ಕುಡಿಸಲಾ?"

ಹಾಲಿನಿಂದ ಅದೆಲ್ಲ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು, ಸಿಸ್ಟರ್ ಬೈದರು. ಎಲ್ಲದಕ್ಕೂ ತಲೆಯಾಡಿಸಿ ಮತ್ತೆ ಸುರಿಯುತ್ತಿದ್ದಳು. ಕೆಲವು ದಿನಗಳಲ್ಲಿ ಹಾಲು ನಿಜವಾಗಿಯೂ ಬತ್ತುತ್ತ ಬಂತು. ಪುಡಿಹಾಲು ಮಗುವಿಗೆ ಒಗ್ಗಲಿಲ್ಲ, ಹೊಟ್ಟೆ ತಮಟೆಯಾಯಿತು. ಉಸಿರಾಟ ಮೊದಲೇ ಕಷ್ಟ, ಈಗ ಇನ್ನೂ ಕಷ್ಟ.

ನನಗೆ ಇದನ್ನೆಲ್ಲ ಅವಳು ಹೇಳಿದ್ದು ನನ್ನ ಹೊಲಿಗೆ ಮೆಶಿನ್ನಿನ ಪಕ್ಕ ನೆಲದ ಮೇಲೆ ಕೂತು. ನನಗೆ ರೇಗಿಹೋಯಿತು.

"ಹೇಳಬಾರದ್ದನ್ನ ಯಾಕೆ ಹೇಳ್ದೆ? ನಾಲಿಗೆಗೂ ಒಂದು ಹೊಲಿಗೆ ಹಾಕ್ಲಾ?"

"ಏನ್ ಮಾಡ್ಬೇಕಿತ್ತೋ ಈಗ್ಲೂ ಗೊತ್ತಾಗ್ತಿಲ್ಲ ಕಣೆ. ಹೇಳಿದ್ರೆ ಹೀಗೆ, ಹೇಳ್ದಿದ್ರೆ ದಿನಾ ಅಳ್ತಿದ್ಳು." ಅವಳು ಕೆಳಗೆ ಬಿದ್ದ ದಾರದ ತುಂಡುಗಳನ್ನು ಆರಿಸಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಬೈದದ್ದಕ್ಕೆ ನನಗೆ ಬೇಸರವಾಯಿತು, ಹಾಗಂತ ಮಾತು ವಾಪಸು ತೆಗೆದುಕೊಳ್ಳಲಿಲ್ಲ.

ಇದರ ಮೇಲೆ ಇನ್ನೊಂದು. ಲ್ಯಾಬಿನಾಕೆ ಇವಳನ್ನು ಕರೆಸಿ, ಆ ಮಗುವಿನ ಕೊಳವೆಯನ್ನು ಇನ್ನೊಮ್ಮೆ ನೋಡಿದೆವು, ಒಂದರಲ್ಲೇ ಇಬ್ಬರದು ಬೆರೆತಿದೆ, ಮಗುವಿಗೆ ತೀಡಿದ ಕಡ್ಡಿಯನ್ನೇ ತಾಯಿಗೂ ತೀಡಿದಿರಾ ಎಂದು ಕೇಳಿದರು. ಇವಳು ಹಾಗೆ ಮಾಡುವವಳೇ ಅಲ್ಲ. ಮಗುವಿನದು ಮುಗಿಸಿ, ಮುಚ್ಚಿ, ಕೈ ತೊಳೆದು ಆಮೇಲೆ ತಾಯಿಯ ಕಡ್ಡಿ ಬಿಚ್ಚುವವಳು. ಹಾಲು ಕುಡಿದ ಕೂಡಲೆ ತೆಗೆಯಬಾರದು ಎಂಬ ನಿಯಮವೂ ಬಾಯಿಪಾಠ, ಏಕೆಂದರೆ ಹಾಲಿನಲ್ಲಿ ತಾಯಿಯ ಜೀವಕಣಗಳು ಇರುತ್ತವಂತೆ. ಈ ಮಗುವಿಗೆ ಹಾಲು ಹೋಗುವುದು ಮೂಗಿನ ನಳಿಕೆಯಿಂದ ಹೊಟ್ಟೆಗೆ, ಬಾಯಿಗೆ ಹಾಲು ಸೋಕುವುದೇ ಇಲ್ಲ ಎಂದುಕೊಂಡು ಕಾಯದೆ ತೆಗೆದಿದ್ದಳು.

"ನಾನೇ ಅದಲುಬದಲು ಮಾಡಿರಬಹುದಾ?" ಅಂತ ನನ್ನನ್ನು ಕೇಳಿದಳು. ಆ ದರಿದ್ರ 'ಬಹುದು' ಈಗ ಅವಳಿಗೂ ಅಂಟಿಕೊಂಡಿತ್ತು. ಉಪ್ಪು ಹಾಕಿದೆನೋ ಇಲ್ಲವೋ, ಬಾಗಿಲು ಹಾಕಿದೆನೋ ಇಲ್ಲವೋ, ಎಲ್ಲದಕ್ಕೂ ಅದೇ ಅನುಮಾನ.

ಹೊಸದಾಗಿ ಮಾದರಿ ತೆಗೆಯುವ ದಿನ ನಾನೂ ಜೊತೆಗೆ ಹೋದೆ. ಉಳಿದ ಮೆತ್ತನೆ ಬಟ್ಟೆಯಲ್ಲಿ ಆ ಮಕ್ಕಳಿಗೆ ಟೋಪಿ ಹೊಲಿದಿದ್ದೆ, ಕೊಡುವ ನೆಪ. ನಿಂಬೆಹಣ್ಣಿಗೆ ಹೊಲಿದ ಹಾಗಿದ್ದ ಆ ಟೋಪಿಗಳು ಅಲ್ಲಿ ಕೆಲವು ತಲೆಗಳಿಗೆ ದೊಡ್ಡವಾದವು. ಕಿಟಕಿಯ ಪಕ್ಕದ ಮಗುವಿನ ಪಕ್ಕೆಲುಬು ಪ್ರತಿ ಉಸಿರಿಗೂ ಒಳಕ್ಕೆ ಕುಸಿಯುತ್ತಿತ್ತು. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು, ಈಗ ಪೆಟ್ಟಿಗೆಯೊಳಗೆ ಕೈ ಇಡುತ್ತಿರಲಿಲ್ಲ. ಚಿಕ್ಕ ಡಾಕ್ಟರೂ ಬಂದಿದ್ದರು. ಅಕ್ಕ ಕಡ್ಡಿಯ ಪೊಟ್ಟಣ ಹರಿಯುವಷ್ಟರಲ್ಲಿ ಸಿಸ್ಟರ್ ತಡೆದರು.

"ಒಂದ್ನಿಮಿಷ ತಡೀರಿ, ಇವಳಿಗೆ ಹನಿ ಹಚ್ಚಿಬಿಡ್ತೀನಿ. ತಾಯಿ ಹಾಲು ಫ್ರಿಜ್ಜಿನಲ್ಲಿ ಇಷ್ಟೇ ಉಳಿದಿದ್ದು."

ಅವರ ಕೈಯಲ್ಲೂ ಒಂದು ಹತ್ತಿಕಡ್ಡಿ. ಪುಟ್ಟ ಬಾಟಲಿಯಲ್ಲಿ ಅದ್ದಿ ಮಗುವಿನ ಕೆನ್ನೆಯ ಒಳಗೆ ಆ ಕಡೆ ಈ ಕಡೆ ಸವರಿದರು. ಮಗು ತುಟಿ ಆಡಿಸಿತು.

ಅಕ್ಕ ನೋಡುತ್ತಲೇ ನಿಂತಳು. "ಇದನ್ನ ದಿನಾ ಮಾಡ್ತೀರಾ?"

"ಹುಟ್ಟಿದಾಗಿಂದ ಮಾಡ್ತಿದೀವಿ, ಬಾಯಿಗೆ ಒಳ್ಳೇದು ಅಂತ. ಯಾಕೆ?"

ಡಾಕ್ಟರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಮಹಡಿಯವರಿಗೆ ವಾರ್ಡಿನವರು ಮಾಡುವುದು ಗೊತ್ತಿಲ್ಲ, ವಾರ್ಡಿನವರಿಗೆ ಮಹಡಿಯವರು ಹುಡುಕುವುದು ಗೊತ್ತಿಲ್ಲ. ಇಬ್ಬರ ಕೈಯಲ್ಲೂ ಒಂದೇ ತರದ ಕಡ್ಡಿ. ನನಗೆ ನಗು ಬರಬೇಕಿತ್ತು, ಬರಲಿಲ್ಲ.

"ಏನಾಯ್ತು?" ಹುಡುಗಿ ಎದ್ದು ನಿಂತಿದ್ದಳು.

ಡಾಕ್ಟರು, ಮಗುವಿನದೆಂದು ನಾವು ನೋಡಿದ್ದು ನಿಮ್ಮದೇ ಆಗಿರಬಹುದು, ಹಾಲಿನ ಜೊತೆ ಬಂದಿರಬಹುದು, ಮಗುವಿನಲ್ಲಿ ಅದು ಇದೆಯೋ ಇಲ್ಲವೋ ಹಿಮ್ಮಡಿಯಿಂದ ರಕ್ತ ತೆಗೆದು ನೋಡಿದರಷ್ಟೇ ತಿಳಿಯುತ್ತದೆ ಎಂದು ಶುರುಮಾಡಿದರು. ಹುಡುಗಿ ಅವರ ಮುಖ ನೋಡಿದಳು, ಸಿಸ್ಟರ್ ಮುಖ ನೋಡಿದಳು. ಏನೂ ತಲೆಗೆ ಹತ್ತಲಿಲ್ಲ ಅವಳಿಗೆ. ಆಗ ಅಕ್ಕ ಹತ್ತಿರ ಹೋಗಿ ಅವಳ ಭುಜ ಹಿಡಿದಳು.

"ಆವತ್ತು ಅವಳ ಕೆನ್ನೇಲಿ ನನಗೆ ಸಿಕ್ಕಿದ್ದು ನಿನ್ನ ಹಾಲಮ್ಮ. ಅಷ್ಟೇ. ನಿನ್ನ ಹಾಲು."

ಹುಡುಗಿ ಸಿಸ್ಟರ್ ಕೈಯಲ್ಲಿದ್ದ ಬರಿದಾದ ಬಾಟಲಿ ಇಸಿದುಕೊಂಡು ಹೊರಗೆ ಹೋದಳು. ಬಹಳ ಹೊತ್ತಿನ ಮೇಲೆ ವಾಪಸು ಬಂದಾಗ ಬಾಟಲಿಯ ತಳ ಒದ್ದೆಯಾಗಿತ್ತು, ಅಷ್ಟೆ. ಕಣ್ಣು ಊದಿತ್ತು.

"ಇಷ್ಟೇ ಬಂತು."

"ಕೆನ್ನೆಗೆ ಇಷ್ಟೇ ಸಾಕು" ಅಂದರು ಸಿಸ್ಟರ್. "ನಾಳೆ ಇನ್ನೊಂಚೂರು ಬರುತ್ತೆ." ಕಡ್ಡಿಯನ್ನು ಈ ಸಲ ತಾಯಿಯ ಕೈಗೇ ಕೊಟ್ಟರು.

ಹಾಲು ನಿಧಾನವಾಗಿ ಹೆಚ್ಚಿತು, ಮಗುವಿನ ಹೊಟ್ಟೆಯುಬ್ಬರ ಇಳಿಯಿತು. ಹಿಮ್ಮಡಿಯ ರಕ್ತದ ಫಲಿತಾಂಶವೂ ಬಂತು. ತಾಯಿಯಲ್ಲಿದ್ದ ಆ ವ್ಯತ್ಯಾಸ ಮಗುವಿನಲ್ಲಿ ಇರಲೇ ಇಲ್ಲ. ಈ ಸಲ ಡಾಕ್ಟರೇ ಬಂದು ಅದನ್ನು ತಿಳಿಸಿದರು. ಆದರೂ ಮಗುವಿನ ಮೂಗಿನ ಆಕ್ಸಿಜನ್ ನಳಿಕೆ ಹಾಗೇ ಇದೆ. ಮೇಲಿನ ಮಹಡಿಯವರು ಮತ್ತೆ ಮೊದಲಿಂದ ಹುಡುಕುತ್ತಿದ್ದಾರೆ. ಅಕ್ಕ ಈಗಲೂ ಊಟದ ನಡುವೆ ಕೈ ನಿಲ್ಲಿಸಿ, "ಹಾಗಾದ್ರೆ ಯಾಕೆ ಹೀಗಾಯ್ತು?" ಅನ್ನುತ್ತಾಳೆ. ನಾನೂ ಈಗ ಬೈಯುವುದಿಲ್ಲ. ನನಗೂ ಅದೇ ಪ್ರಶ್ನೆ ಹತ್ತಿಕೊಂಡಿದೆ, ಅಳತೆ ತೆಗೆಯುವಾಗ ಗಿರಾಕಿಗಳ ಕಿವಿ ನೋಡುತ್ತೇನೆ.

ಮೊನ್ನೆ ಆ ಹುಡುಗಿ ಮತ್ತೆ ಕೇಳಿದಳಂತೆ.

"ಅಕ್ಕಾ, ನನ್ನದಲ್ಲ ಅಂದ್ಮೇಲೆ ಇದು ಯಾರಿಂದ ಬಂತು?"

"ಗೊತ್ತಿಲ್ಲಮ್ಮ" ಅಂದಳಂತೆ ಇವಳು. ಮೊದಲ ದಿನದ ಅದೇ ಉತ್ತರ. ಇನ್ನೇನು ಅಳುತ್ತಾಳೆ ಎಂದು ಇವಳು ಹೆದರಿ ನಿಂತಿದ್ದಳು. ಹುಡುಗಿ ಪೆಟ್ಟಿಗೆಯೊಳಗಿನ ಪಾದ ಸವರಿ, ಹಾಲು ತೆಗೆಯುವ ಹೊತ್ತಾಯಿತು ಎಂದು ಬಾಟಲಿ ಹಿಡಿದು ಎದ್ದು ಹೋದಳಂತೆ.